ತುಲ್ಯಬಲ ನಿರ್ಣಯ ಅಥವಾ ಗುಲಗಂಜಿಯ ತೂಕ

೧. ವಿಷಯಪ್ರವೇಶ

ಕಪಿಲಾ ನದಿಯ ತೀರದಲ್ಲಿರುವ ನಂಜನಗೂಡಿಗೆ ದಕ್ಷಿಣಕಾಶಿಯೆಂಬ ಹೆಸರು ಬಹುಕಾಲದಿಂದ ಸಲ್ಲುತ್ತ ಬಂದಿದೆ. ಅದೇ ನದಿಯು ಮುಂದೆ ಹರಿದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾದರೋ ಮಾತು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಅಲ್ಲಿಯ ದೇವರಿಗೆ ಗುಂಜಾ ನರಸಿಂಹಸ್ವಾಮಿಯೆಂದು ಹೆಸರು. ಮೂರ್ತಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಈ ಕ್ಷೇತ್ರವು ಪುಣ್ಯದಲ್ಲಿ ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಮಿಗಿಲೆಂಬುದನ್ನು ಅದು ಸೂಚಿಸುವುದೆಂದು ಸ್ಥಳದವರ ಪ್ರತೀತಿ.

ಈ ಐತಿಹ್ಯದಲ್ಲಿ ಭಕ್ತಿಯೊಡನೆ ಒಂದು ಯುಕ್ತಿಯೂ ಅಡಗಿದೆ. ಮನುಸ್ಮೃತಿಯ ಮಾನಪ್ರಕರಣದಲ್ಲಿ ಮೂರು ಜವೆಯ ಕಾಳಿಗೆ ಒಂದು ಕೃಷ್ಣಲ, ಎಂದರೆ ಗುಲಗಂಜಿ. ಐದು ಕೃಷ್ಣಲಕ್ಕೆ ಒಂದು ಮಾಷ. ಹದಿನಾರು ಮಾಷಕ್ಕೆ ಒಂದು ಸುವರ್ಣ ಎಂದು ಲೆಕ್ಕ ಕೊಟ್ಟಿದೆ. ಆದುದರಿಂದ ಗುಲಗಂಜಿಯೆಂಬುದು ಸುವರ್ಣದ ಎಂಬತ್ತನೆಯ ಒಂದು ಭಾಗ. ಈಗಿನ ಮಾನದಲ್ಲಿ ಸುಮಾರು ೦.೧೨ ಗ್ರಾಂ. ಎಂಬತ್ತು ಗುಂಜಿಯ ಗಟ್ಟಿಗೂ ಎಂಬತ್ತೊಂದು ಗುಂಜಿಯ ಗಟ್ಟಿಗೂ ಇರುವ ಭೇದವನ್ನು ಕಣ್ಣು ಅರಿಯದು, ಕೈಯೂ ಅರಿಯದು. ಅಕ್ಕಸಾಲಿಗನ ತಕ್ಕಡಿಯೊಂದೇ ಅರಿಯುವುದು. ಸಮವೆಂದು ತೋರುವ ಎರಡು ವಸ್ತುಗಳಲ್ಲಿ ಯಾವುದು ಮೇಲೆಂದು ಹೇಳಲೇಬೇಕಾದಾಗ ಲೋಕವು ಇಂತಹ ಒಂದು ಗುಲಗಂಜಿಯನ್ನು ಹುಡುಕುತ್ತದೆ.

ಕ್ರೀಡಾಸ್ಪರ್ಧೆಗಳಲ್ಲಿ ಈ ಪ್ರಸಂಗವು ಪದೇ ಪದೇ ಒದಗುವುದು. ಅನೇಕ ತಂಡಗಳು ಒಂದರೊಡನೊಂದು ಆಡಿ, ಅವುಗಳಲ್ಲಿ ಮೊದಲ ಎರಡು ಅಥವಾ ನಾಲ್ಕು ಮಾತ್ರ ಮುಂದಿನ ಘಟ್ಟಕ್ಕೆ ಹೋಗಬೇಕಾಗಿರುವಲ್ಲಿ, ಕಡೆಯ ಒಂದು ಸ್ಥಾನಕ್ಕೆ ಎರಡು ಮೂರು ತಂಡಗಳು ಸಮಾನ ಅಂಕಗಳನ್ನು ಪಡೆದು ನಿಲ್ಲುವುದುಂಟು. ಆಗ ಯಾರು ಮುಂದೆ ಹೋಗತಕ್ಕವರು? ಈ ಪ್ರಶ್ನೆಗೆ ಉತ್ತರವನ್ನು ಕೊಡುವ ನಿಯಮಗಳ ಸ್ವರೂಪವೇನು, ಅವುಗಳ ಕ್ರಮಕ್ಕೆ ಕಾರಣವೇನು, ಅವು ನ್ಯಾಯವೆನ್ನಿಸಿಕೊಳ್ಳುವುದು ಯಾವಾಗ ಎಂಬುದನ್ನು ಕನ್ನಡನಾಡಿನ ಕೆಲವು ಪ್ರಸಂಗಗಳಿಂದಲೂ ಹೊರನಾಡಿನ ಕೆಲವು ನಿದರ್ಶನಗಳಿಂದಲೂ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

೨. ನಿರ್ಣಾಯಕಗಳ ಕ್ರಮ

ಇಲ್ಲಿ ಮೊದಲು ಒಂದು ಪೂರ್ವಪಕ್ಷವು ಏಳುವುದು. ಸಮಾನರಾದವರನ್ನು ಸಮಾನರೆಂದೇ ಸಾರುವುದು ಸತ್ಯ. ಅವರಲ್ಲಿ ಒಬ್ಬನನ್ನು ಮೇಲೆಂದು ಹೇಳುವುದು ಅಸತ್ಯ. ಆದುದರಿಂದ ಇಂತಹ ನಿಯಮಗಳೆಲ್ಲ ಅನ್ಯಾಯವೇ ಸರಿ ಎಂದು ಆಕ್ಷೇಪಿಸಬಹುದು. ಕಟ್ಟಕಡೆಯ ಪಂದ್ಯದಲ್ಲಾದರೆ ಈ ಮಾತಿಗೆ ಎಡೆಯುಂಟು. ೨೦೦೨ರಲ್ಲಿ ಕೊಲಂಬೊ ನಗರದಲ್ಲಿ ಮಳೆಯಿಂದ ಅಂತಿಮ ಪಂದ್ಯವು ಮುಗಿಯದಿರಲು, ಕ್ರಿಕೆಟ್ಟಿನ ಚಾಂಪಿಯನ್ಸ್ ಟ್ರೋಫಿಯನ್ನು ಭಾರತವೂ ಶ್ರೀಲಂಕೆಯೂ ಹಂಚಿಕೊಂಡುವು. ಆದರೆ ನಡುವಿನ ಘಟ್ಟದಲ್ಲಿ ಹೀಗೆ ಮಾಡಲಾಗದು. ಒಂದು ಮಣೆಯ ಮೇಲೆ ಇಬ್ಬರು ಕುಳಿತುಕೊಳ್ಳಲಾರರು. ಮುಂದಿನ ಪಂದ್ಯವನ್ನು ಆಡತಕ್ಕದ್ದು ಒಂದೇ ತಂಡವಾದುದರಿಂದ ಆಯ್ಕೆಯು ಅನಿವಾರ್ಯ. ನಿಯಮವು ಹೇಳುವುದು “ಇವನೇ ಶ್ರೇಷ್ಠ” ಎಂದಲ್ಲ. “ಮುಂದೆ ಹೋಗತಕ್ಕವನು ಇವನು” ಎಂದು ಮಾತ್ರ. ಈ ಎರಡು ಮಾತುಗಳ ಭೇದವನ್ನು ಮರೆತಾಗಲೇ ಜಗಳವು ಹುಟ್ಟುವುದು.

ಆಯ್ಕೆಯು ಅನಿವಾರ್ಯವಾದ ಮೇಲೆ ಅದಕ್ಕೆ ಒಂದು ನಿರ್ಣಾಯಕವು ಬೇಕು. ಆ ನಿರ್ಣಾಯಕದಲ್ಲಿಯೂ ಸಾಮ್ಯವೇ ಬಂದರೆ ಇನ್ನೊಂದು, ಅದರಲ್ಲಿಯೂ ಬಂದರೆ ಮತ್ತೊಂದು. ಹೀಗೆ ನಿರ್ಣಾಯಕಗಳು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಇರುತ್ತವೆ. ಮೇಲಿನ ಮೆಟ್ಟಿಲಿನಲ್ಲಿ ನಿರ್ಣಯವಾದರೆ ಕೆಳಗಿನದನ್ನು ನೋಡತಕ್ಕದ್ದಿಲ್ಲ. ಮೊದಲನೆಯದರಲ್ಲಿ ಕೂದಲೆಳೆಯಷ್ಟು ಹಿಂದಿದ್ದವನು ಎರಡನೆಯದರಲ್ಲಿ ಬೆಟ್ಟದಷ್ಟು ಮುಂದಿದ್ದರೂ ಅದರಿಂದ ಪ್ರಯೋಜನವಿಲ್ಲ.

ಶಾಸ್ತ್ರಪರಿಚಯವುಳ್ಳ ವಾಚಕರಿಗೆ ಈ ಏರ್ಪಾಡು ಹೊಸದಾಗಿ ತೋರದು. ವೇದವಾಕ್ಯಗಳ ವಿನಿಯೋಗದಲ್ಲಿ ಒಂದಕ್ಕೊಂದು ವಿರೋಧವುಂಟಾದಾಗ ಯಾವುದಕ್ಕೆ ಬಲ ಹೆಚ್ಚೆಂಬುದನ್ನು ಜೈಮಿನಿಯು ಮೀಮಾಂಸಾಸೂತ್ರದ ಮೂರನೆಯ ಅಧ್ಯಾಯದಲ್ಲಿ ನಿರ್ಣಯಿಸಿದ್ದಾನೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರು ಪ್ರಮಾಣಗಳು. ಇವುಗಳಲ್ಲಿ ಮುಂದು ಮುಂದಿನದು ಹಿಂದು ಹಿಂದಿನದಕ್ಕಿಂತ ದುರ್ಬಲ. ಇಂದ್ರನನ್ನು ಸ್ತುತಿಸುವ ಒಂದು ಋಕ್ಕಿನಿಂದ ಗಾರ್ಹಪತ್ಯಾಗ್ನಿಯನ್ನು ಉಪಸ್ಥಾನ ಮಾಡಬೇಕೆಂಬ ವಿಧಿಯು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಮಂತ್ರದ ಪದಗಳ ಸಾಮರ್ಥ್ಯವು ಇಂದ್ರನ ಕಡೆಗೆ ಎಳೆಯುತ್ತದೆ, ಸಾಕ್ಷಾತ್ ವಿಧಿಯು ಅಗ್ನಿಯ ಕಡೆಗೆ ತೋರಿಸುತ್ತದೆ, ವಿಧಿಯೇ ಗೆಲ್ಲುತ್ತದೆ. ಈ ಕ್ರಮಕ್ಕೆ ಸೂತ್ರಕಾರನು ಕೊಟ್ಟಿರುವ ಕಾರಣವು ಗಮನಾರ್ಹವಾದುದು. ಅದು ಅರ್ಥವಿಪ್ರಕರ್ಷ. ಯಾವ ಪ್ರಮಾಣವು ಅರ್ಥದಿಂದ ಎಷ್ಟು ದೂರದಲ್ಲಿದೆಯೋ ಅಷ್ಟರಮಟ್ಟಿಗೆ ಅದು ದುರ್ಬಲವೆಂದು ತಾತ್ಪರ್ಯ.

ಕ್ರೀಡೆಯಲ್ಲಿಯೂ ಇದೇ ಅಳತೆಗೋಲನ್ನು ಹಿಡಿಯಬಹುದು. ಸ್ಪರ್ಧೆಯ ಅರ್ಥವೆಂದರೆ ಗೆಲುವು. ಆದುದರಿಂದ ಗೆಲುವಿನ ಸಂಖ್ಯೆಯು ಮೊದಲನೆಯ ಪ್ರಮಾಣ. ಸಮಾನರು ಪರಸ್ಪರ ಆಡಿದಾಗ ಯಾರು ಗೆದ್ದರೆಂಬುದು ಅದಕ್ಕೆ ಸಮೀಪದ್ದು. ಎಷ್ಟು ಅಂತರದಿಂದ ಗೆದ್ದರೆಂಬುದು ಇನ್ನಷ್ಟು ದೂರದ್ದು. ಆಟವನ್ನು ನೋಡಿದವರ ಅಭಿಪ್ರಾಯವು ಮತ್ತೂ ದೂರದ್ದು. ಚೀಟಿಯೆತ್ತುವುದು ಎಲ್ಲಕ್ಕಿಂತ ದೂರದ್ದು. ಅದಕ್ಕೂ ಆಟಕ್ಕೂ ಸಂಬಂಧವೇ ಇಲ್ಲ.

೩. ಮೊದಲನೆಯ ಇನ್ನಿಂಗ್ಸಿನ ಮುನ್ನಡೆ

ಕನ್ನಡನಾಡಿನ ಕ್ರೀಡಾಚರಿತ್ರೆಯಲ್ಲಿ ಇಂತಹ ಒಂದು ನಿರ್ಣಾಯಕದ ಫಲವು ಅತ್ಯಂತ ಸ್ಪಷ್ಟವಾಗಿ ಕಂಡುಬಂದುದು ೧೯೭೪ರಲ್ಲಿ. ರಣಜಿ ಟ್ರೋಫಿಯೆಂಬ ಕ್ರಿಕೆಟ್ ಸ್ಪರ್ಧೆಯು ೧೯೩೪–೩೫ರಲ್ಲಿ ಆರಂಭವಾಯಿತು. ಇದರ ಪಂದ್ಯಗಳು ಹಲವು ದಿನಗಳ ಕಾಲ ನಡೆಯುವುವು. ಎರಡು ಪಕ್ಷಗಳಿಗೂ ಎರಡೆರಡು ಸರದಿ ಬ್ಯಾಟು ಮಾಡುವ ಅವಕಾಶವುಂಟು. ಈ ಸರದಿಯೇ ಇನ್ನಿಂಗ್ಸು. ಗೊತ್ತಾದ ದಿನಗಳೊಳಗಾಗಿ ನಾಲ್ಕು ಇನ್ನಿಂಗ್ಸುಗಳೂ ಮುಗಿಯದಿದ್ದರೆ ಪಂದ್ಯವು ಡ್ರಾ, ಎಂದರೆ ಸೋಲುಗೆಲುವಿಲ್ಲದ್ದು. ಲೀಗ್ ಘಟ್ಟದಲ್ಲಿ ಇದರಿಂದ ಬಾಧಕವಿಲ್ಲ. ಈಗಿನ ಪದ್ಧತಿಯಂತೆ ಪೂರ್ಣವಾಗಿ ಗೆದ್ದವರಿಗೆ ೬ ಅಂಕ, ಡ್ರಾ ಆದ ಪಂದ್ಯದಲ್ಲಿ ಮೊದಲನೆಯ ಇನ್ನಿಂಗ್ಸಿನಲ್ಲಿ ಹೆಚ್ಚು ರನ್ನು ಗಳಿಸಿದವರಿಗೆ ೩, ಹಿಂದುಳಿದವರಿಗೆ ೧ ಎಂದು ಹಂಚಿಬಿಡುತ್ತಾರೆ. ಆದರೆ ಸೋತವರು ಹೊರಟುಹೋಗಬೇಕಾದ ಘಟ್ಟದಲ್ಲಿ ಪಂದ್ಯವು ಡ್ರಾ ಆದರೆ, ಮೊದಲನೆಯ ಇನ್ನಿಂಗ್ಸಿನಲ್ಲಿ ಮುಂದಿರುವವರೇ ಗೆದ್ದವರೆಂದು ನಿಯಮ.

ಈ ನಿರ್ಣಾಯಕವನ್ನೇ ಆರಿಸಿದುದು ಯುಕ್ತಿಯುಕ್ತವಾಗಿದೆ. ಅಪೂರ್ಣವಾಗಿ ಉಳಿದಿರುವುದು ಸಾಮಾನ್ಯವಾಗಿ ಎರಡನೆಯ ಇನ್ನಿಂಗ್ಸು. ಮೊದಲನೆಯದಾದರೋ ಇಬ್ಬರದೂ ಮುಗಿದಿರುತ್ತದೆ. ಇಬ್ಬರಿಗೂ ಅವಕಾಶವು ಪೂರ್ಣವಾಗಿ ದೊರೆತಿರುತ್ತದೆ. ಮುಗಿದುದನ್ನು ಮುಗಿದುದರೊಡನೆ ಹೋಲಿಸುವುದು ಅರ್ಥಕ್ಕೆ ಸಮೀಪವಾದ ಮಾರ್ಗ.

೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದುವರೆಗೆ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ತಂಡವು ಅಂತಿಮ ಪಂದ್ಯವನ್ನು ತಲುಪಿದ್ದುಂಟಾದರೂ ಟ್ರೋಫಿಯನ್ನು ಪಡೆದಿರಲಿಲ್ಲ. ಮುಂಬಯಿ ತಂಡವು ೧೯೫೮–೫೯ರಿಂದ ೧೯೭೨–೭೩ರ ವರೆಗೆ ಎಡೆಬಿಡದೆ ಹದಿನೈದು ವರ್ಷ ಅದನ್ನು ತನ್ನಲ್ಲಿಯೇ ಇಟ್ಟುಕೊಂಡಿತ್ತು. ಹೊಸ ಹೆಸರಿನ ಮೊದಲನೆಯ ವರ್ಷದಲ್ಲಿಯೇ, ೧೯೭೪ರಲ್ಲಿ, ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಈ ಎರಡು ತಂಡಗಳು ಎದುರಾದುವು. ಎರಪಳ್ಳಿ ಪ್ರಸನ್ನರು ಕರ್ನಾಟಕದ ನಾಯಕರು. ಕರ್ನಾಟಕವು ಮೊದಲನೆಯ ಇನ್ನಿಂಗ್ಸಿನಲ್ಲಿ ೩೮೫ ರನ್ನು ಗಳಿಸಿತು. ಅದರಲ್ಲಿ ಜಿ. ಆರ್. ವಿಶ್ವನಾಥರದು ೧೬೨, ಬ್ರಿಜೇಶ್ ಪಟೇಲರದು ೧೦೬. ಮುಂಬಯಿಯು ೩೦೭ಕ್ಕೆ ನಿಂತಿತು. ಪಂದ್ಯವು ಡ್ರಾ ಆಯಿತು. ೭೮ ರನ್ನುಗಳ ಈ ಮುನ್ನಡೆಯೊಂದರಿಂದಲೇ ಕರ್ನಾಟಕವು ಅಂತಿಮ ಪಂದ್ಯಕ್ಕೆ ಹೋಗಿ, ಜಯಪುರದಲ್ಲಿ ರಾಜಸ್ಥಾನವನ್ನು ೧೮೫ ರನ್ನುಗಳಿಂದ ಸೋಲಿಸಿ, ಮೊತ್ತಮೊದಲ ಸಲ ರಣಜಿ ಟ್ರೋಫಿಯನ್ನು ಪಡೆಯಿತು. ಹದಿನೈದು ವರ್ಷಗಳ ಸರಪಳಿಯು ಕಡಿದುದು ಪೂರ್ಣವಾದ ಗೆಲುವಿನಿಂದಲ್ಲ, ಒಂದು ನಿರ್ಣಾಯಕದಿಂದ ಎಂಬುದನ್ನು ಇಲ್ಲಿ ಮನಗಾಣತಕ್ಕದ್ದು.

ಅದೇ ನಿಯಮವು ಕರ್ನಾಟಕದ ಮೇಲೆ ಭಾರವಾಗಿ ಕುಳಿತ ಪ್ರಸಂಗವೂ ಉಂಟು. ನಂಜನಗೂಡಿಗೆ ಸಮೀಪವಾದ ಮೈಸೂರಿನಲ್ಲಿಯೇ, ವಿಶ್ವವಿದ್ಯಾನಿಲಯದ ಗಂಗೋತ್ರಿ ಮೈದಾನದಲ್ಲಿ, ೨೦೧೦ರ ಜನವರಿಯಲ್ಲಿ ರಣಜಿ ಅಂತಿಮ ಪಂದ್ಯವು ನಡೆಯಿತು. ಮುಂಬಯಿಯ ೨೩೩ಕ್ಕೆ ಎದುರಾಗಿ ಕರ್ನಾಟಕವು ೧೩೦ಕ್ಕೆ ಕುಸಿದು ೧೦೩ ರನ್ನು ಹಿಂದೆ ಬಿದ್ದಿತು. ಆ ಕ್ಷಣದಿಂದಲೇ ಎರಡು ಪಕ್ಷಗಳ ದಾರಿಗಳು ಬೇರೆಯಾದುವು. ಪಂದ್ಯವನ್ನು ಡ್ರಾ ಮಾಡಿಕೊಂಡರೂ ಟ್ರೋಫಿಯು ಮುಂಬಯಿಯದೇ. ಕರ್ನಾಟಕಕ್ಕಾದರೋ ಪೂರ್ಣವಾದ ಗೆಲುವೊಂದೇ ಗತಿ. ಎರಡನೆಯ ಇನ್ನಿಂಗ್ಸಿನಲ್ಲಿ ಮುಂಬಯಿಯು ೨೩೪ ಗಳಿಸಲು, ಕರ್ನಾಟಕಕ್ಕೆ ೩೩೮ ರನ್ನುಗಳ ಗುರಿಯು ಏರ್ಪಟ್ಟಿತು. ಮನೀಷ್ ಪಾಂಡೆಯವರ ೧೪೪ರ ಬಲದಿಂದ ತಂಡವು ೩೩೧ರ ವರೆಗೆ ಸಾಗಿ, ೬ ರನ್ನುಗಳಿಂದ ಸೋತಿತು. ಈ ಪಂದ್ಯದಲ್ಲಿ ಕಡೆಗೆ ನಿರ್ಣಾಯಕವನ್ನು ಪ್ರಯೋಗಿಸಬೇಕಾಗಿ ಬರಲಿಲ್ಲ; ಆದರೂ ಅದು ಆಟದ ಉದ್ದಕ್ಕೂ ಮೈದಾನದಲ್ಲಿ ನಿಂತೇ ಇತ್ತು.

೪. ಅಂತರದ ಅಳತೆ

ಇಪ್ಪತ್ತು ಓವರುಗಳ ಕ್ರಿಕೆಟ್ಟಿನ ಲೀಗ್ ಸ್ಪರ್ಧೆಗಳಲ್ಲಿ ಸಾಮ್ಯವನ್ನು ಮುರಿಯಲು ನಿವ್ವಳ ರನ್‌ರೇಟು ಎಂಬ ಅಳತೆಯು ರೂಢಿಯಲ್ಲಿದೆ. ತಂಡವು ಲೀಗಿನ ಪಂದ್ಯಗಳಲ್ಲಿ ಗಳಿಸಿದ ಒಟ್ಟು ರನ್ನನ್ನು ಅದು ಆಡಿದ ಒಟ್ಟು ಓವರುಗಳಿಂದ ಭಾಗಿಸಿ, ಆ ಲಬ್ಧದಿಂದ ಅದು ಬಿಟ್ಟುಕೊಟ್ಟ ರನ್ನನ್ನು ಅದು ಎಸೆದ ಓವರುಗಳಿಂದ ಭಾಗಿಸಿ ಬಂದುದನ್ನು ಕಳೆಯಬೇಕು. ಶೇಷವೇ ನಿವ್ವಳ ರನ್‌ರೇಟು. ಒಂದು ತಂಡವು ೨೦ ಓವರುಗಳಲ್ಲಿ ೧೬೦ ಗಳಿಸಿ, ಎದುರಾಳಿಯನ್ನು ೨೦ ಓವರುಗಳಲ್ಲಿ ೧೫೦ಕ್ಕೆ ನಿಲ್ಲಿಸಿತೆಂದು ಭಾವಿಸಿದರೆ, ೮ರಿಂದ ೭.೫ನ್ನು ಕಳೆದು ಆ ಪಂದ್ಯದ ಶೇಷವು ೦.೫ ಆಗುವುದು. ಅದೇ ೧೫೦ನ್ನು ಬೆನ್ನಟ್ಟಿ ೧೮ ಓವರುಗಳಲ್ಲಿಯೇ ೧೫೧ ಗಳಿಸಿದರೆ ಶೇಷವು ಸುಮಾರು ೦.೮೯. ಬೇಗ ಗೆದ್ದುದಕ್ಕೆ ಇದು ಫಲ. ಹತ್ತು ವಿಕೆಟ್ಟುಗಳೂ ಬಿದ್ದು ತಂಡವು ಮೊದಲೇ ಮುಗಿದರೆ, ಅದು ಆಡಿದ ಓವರುಗಳನ್ನಲ್ಲ, ಪೂರ್ಣ ೨೦ ಓವರುಗಳನ್ನೇ ಲೆಕ್ಕಕ್ಕೆ ಹಿಡಿಯುವರು.

೨೦೨೪ರ ಐಪಿಎಲ್ ಸ್ಪರ್ಧೆಯು ಈ ಅಳತೆಗೆ ಉತ್ತಮವಾದ ನಿದರ್ಶನ. ಹತ್ತು ತಂಡಗಳಲ್ಲಿ ನಾಲ್ಕು ಮುಂದೆ ಹೋಗತಕ್ಕವು. ಮೂರು ಸ್ಥಾನಗಳು ತುಂಬಿದ್ದುವು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಅನಂತರ ಸತತವಾಗಿ ಐದನ್ನು ಗೆದ್ದು, ೧೨ ಅಂಕಗಳೊಡನೆ ಮೇ ೧೮ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಕಡೆಯ ಲೀಗ್ ಪಂದ್ಯಕ್ಕೆ ಇಳಿಯಿತು. ಎದುರಾಳಿಯು ೧೪ ಅಂಕಗಳ ಚೆನ್ನೈ ಸೂಪರ್ ಕಿಂಗ್ಸ್. ಚೆನ್ನೈ ಗೆದ್ದರೆ ವಿಚಾರವೇ ಇಲ್ಲ. ಬೆಂಗಳೂರು ಗೆದ್ದರೆ ಇಬ್ಬರಿಗೂ ೧೪ ಅಂಕ, ಇಬ್ಬರಿಗೂ ಏಳು ಗೆಲುವು. ಆಗ ರನ್‌ರೇಟಿನಿಂದಲೇ ನಿರ್ಣಯ.

ಬೆಂಗಳೂರು ೫ ವಿಕೆಟ್ಟಿಗೆ ೨೧೮ ರನ್ನು ಗಳಿಸಿತು. ಚೆನ್ನೈಗೆ ಈಗ ಎರಡು ಗುರಿಗಳು: ಪಂದ್ಯವನ್ನು ಗೆಲ್ಲಲು ೨೧೯, ಸ್ಪರ್ಧೆಯಲ್ಲಿ ಉಳಿಯಲು ೨೦೧. ಹದಿನೇಳು ರನ್ನುಗಳಿಂದ ಸೋತರೂ ಅದು ಮುಂದೆ ಹೋಗಬಹುದಾಗಿತ್ತು; ಹದಿನೆಂಟರಿಂದ ಸೋತರೆ ಮನೆಗೆ. ಕಡೆಯ ಓವರಿನ ಆರಂಭದಲ್ಲಿ ಎರಡನೆಯ ಗುರಿಗೆ ೧೭ ರನ್ನು ಬೇಕಾಗಿದ್ದುವು. ಮೊದಲನೆಯ ಎಸೆತದಲ್ಲಿಯೇ ಮಹೇಂದ್ರಸಿಂಗ್ ಧೋನಿಯವರು ಆರು ರನ್ನು ಹೊಡೆದರು, ಎರಡನೆಯದರಲ್ಲಿ ಔಟಾದರು, ಯಶ್ ದಯಾಳರು ಆ ಓವರಿನಲ್ಲಿ ಒಟ್ಟು ೭ ರನ್ನು ಮಾತ್ರ ಕೊಟ್ಟರು. ಚೆನ್ನೈ ೭ ವಿಕೆಟ್ಟಿಗೆ ೧೯೧. ಬೆಂಗಳೂರಿನ ನಿವ್ವಳ ರನ್‌ರೇಟು ೦.೪೫೯, ಚೆನ್ನೈಯದು ೦.೩೯೨. ವ್ಯತ್ಯಾಸವು ೦.೦೬೭, ಇಪ್ಪತ್ತು ಓವರುಗಳಿಗೆ ಎಣಿಸಿದರೆ ಪಂದ್ಯವೊಂದಕ್ಕೆ ಒಂದೂವರೆ ರನ್ನಿಗೂ ಕಡಮೆ. ಎರಡು ತಿಂಗಳ ಹದಿನಾಲ್ಕು ಪಂದ್ಯಗಳ ಶ್ರಮವು ಈ ಗುಲಗಂಜಿಯ ಮೇಲೆ ನಿಂತಿತ್ತು. ದೆಹಲಿ, ಲಕ್ನೋ ತಂಡಗಳಿಗೂ ೧೪ ಅಂಕಗಳೇ ಬಂದಿದ್ದುವು; ಆದರೆ ಅವುಗಳ ರನ್‌ರೇಟು ಸೊನ್ನೆಗಿಂತ ಕೆಳಗಿದ್ದುದರಿಂದ ಲೆಕ್ಕದಿಂದ ಹೊರಗಾದುವು.

ಈ ಅಳತೆಗೆ ಒಂದು ದೋಷವಿದೆ. ದುರ್ಬಲನಾದ ಎದುರಾಳಿಯನ್ನು ಚಚ್ಚಿ ಗಳಿಸಿದ ರನ್ನಿಗೂ ಬಲಿಷ್ಠನ ಎದುರಿನಲ್ಲಿ ಬೆವರು ಸುರಿಸಿ ಗಳಿಸಿದ ರನ್ನಿಗೂ ಇದು ಒಂದೇ ಬೆಲೆ ಕಟ್ಟುತ್ತದೆ. ಆದರೆ ಎಲ್ಲರಿಗೂ ಒಂದೇ ತಕ್ಕಡಿ, ಅದೂ ಮೊದಲೇ ತಿಳಿದಿರುವ ತಕ್ಕಡಿ ಎಂಬುದು ಇದರ ಗುಣ. ೨೦೧ ಎಂಬ ಸಂಖ್ಯೆಯು ಅಂದು ಎರಡು ತಂಡಗಳಿಗೂ ನೋಡಲು ಕುಳಿತ ಸಾವಿರಾರು ಜನರಿಗೂ ಕಡೆಯ ಓವರಿಗೆ ಮೊದಲೇ ತಿಳಿದಿತ್ತು. ಆದುದರಿಂದ ಸೋತವರಿಗೆ ದುಃಖವಾಯಿತೇ ಹೊರತು ವಂಚನೆಯಾಯಿತೆಂಬ ಭಾವನೆಗೆ ಎಡೆಯಿರಲಿಲ್ಲ.

೫. ತರ ಮತ್ತು ತಮ

ತಾರತಮ್ಯವೆಂಬ ಶಬ್ದವು ತರ, ತಮ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದುದು. ಇಬ್ಬರನ್ನು ಹೋಲಿಸಿ ಹೇಳುವಾಗ ತರ, ಅನೇಕರಲ್ಲಿ ಮಿಗಿಲಾದವನನ್ನು ಹೇಳುವಾಗ ತಮ ಎಂದು ಪಾಣಿನಿಯ ವ್ಯವಸ್ಥೆ. ವ್ಯಾಕರಣದ ಈ ಭೇದವು ಕ್ರೀಡಾನಿಯಮದಲ್ಲಿಯೂ ಮುಖ್ಯವಾದುದು. ಏಕೆಂದರೆ ಇಬ್ಬರ ಸಾಮ್ಯವನ್ನು ಮುರಿಯುವ ಮಾರ್ಗವು ಮೂವರ ಸಾಮ್ಯದಲ್ಲಿ ನಿಷ್ಫಲವಾಗಬಹುದು.

ಇಬ್ಬರೇ ಸಮರಾಗಿದ್ದರೆ, ಅವರು ಪರಸ್ಪರ ಆಡಿದಾಗ ಗೆದ್ದವನು ಮುಂದೆ ಹೋಗಲಿ ಎಂಬುದು ಸರಳವಾದ ನಿರ್ಣಯ. ಮೂವರಾದಾಗ ಮೊದಲನೆಯವನು ಎರಡನೆಯವನನ್ನೂ, ಎರಡನೆಯವನು ಮೂರನೆಯವನನ್ನೂ, ಮೂರನೆಯವನು ಮೊದಲನೆಯವನನ್ನೂ ಸೋಲಿಸಿರಬಹುದು. ನೈಯಾಯಿಕರು ಇಂತಹುದನ್ನೇ ಚಕ್ರಕದೋಷವೆನ್ನುತ್ತಾರೆ. ಎಲ್ಲಿ ಹಿಡಿದರೂ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವುದು.

ಅಮೆರಿಕ ದೇಶದಲ್ಲಿ ಕಾಲೇಜು ತಂಡಗಳು ಆಡುವ ಫುಟ್ಬಾಲ್ ಸ್ಪರ್ಧೆಯಲ್ಲಿ ಇದಕ್ಕೆ ಹೆಸರಾದ ಉದಾಹರಣೆಯಿದೆ. ಆ ಆಟವು ನಮ್ಮಲ್ಲಿ ಕಾಲಿನಿಂದ ಒದೆಯುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಅಲ್ಲಿಯ ಕಾಲೇಜುಗಳು ಕಾನ್ಫರೆನ್ಸುಗಳೆಂಬ ಒಕ್ಕೂಟಗಳಾಗಿ ಏರ್ಪಟ್ಟಿದ್ದು, ಒಕ್ಕೂಟದೊಳಗಿನ ಪಂದ್ಯಗಳು ಮುಗಿದ ಮೇಲೆ ಎರಡು ತಂಡಗಳು ಅದರ ಅಂತಿಮ ಪಂದ್ಯವನ್ನು ಆಡುತ್ತವೆ. ೨೦೦೮ರಲ್ಲಿ ಬಿಗ್ ಟ್ವೆಲ್ವ್ ಎಂಬ ಒಕ್ಕೂಟವು ಉತ್ತರ, ದಕ್ಷಿಣ ಎಂದು ಎರಡು ಭಾಗವಾಗಿದ್ದಿತು. ಭಾಗಕ್ಕೊಂದರಂತೆ ತಂಡಗಳು ಅಂತಿಮ ಪಂದ್ಯಕ್ಕೆ ಹೋಗತಕ್ಕವು. ದಕ್ಷಿಣ ಭಾಗದಲ್ಲಿ ಟೆಕ್ಸಸ್ ತಂಡವು ಒಕ್ಲಹೋಮವನ್ನು ೪೫–೩೫ರಿಂದ ಸೋಲಿಸಿತು. ಟೆಕ್ಸಸ್ ಟೆಕ್ ತಂಡವು ಟೆಕ್ಸಸನ್ನು ೩೯–೩೩ರಿಂದ ಸೋಲಿಸಿತು. ಒಕ್ಲಹೋಮವು ಟೆಕ್ಸಸ್ ಟೆಕ್ಕನ್ನು ೬೫–೨೧ರಿಂದ ಸೋಲಿಸಿತು. ಮೂರಕ್ಕೂ ಹನ್ನೊಂದು ಗೆಲುವು, ಒಂದು ಸೋಲು. ಮೇಲಿನ ಮೆಟ್ಟಿಲುಗಳಲ್ಲಿ ಯಾವುದರಿಂದಲೂ ಚಕ್ರವು ಮುರಿಯಲಿಲ್ಲ. ಕಡೆಗೆ ಮತದಾರರ ಎಣಿಕೆಯನ್ನೂ ಗಣಕಯಂತ್ರಗಳ ಲೆಕ್ಕವನ್ನೂ ಸೇರಿಸಿ ಮಾಡಿದ ರಾಷ್ಟ್ರೀಯ ಶ್ರೇಣಿಯಲ್ಲಿ ಯಾರು ಮೇಲೋ ಅವರೇ ಎಂಬ ಮೆಟ್ಟಿಲಿಗೆ ಇಳಿಯಬೇಕಾಯಿತು. ಒಕ್ಲಹೋಮವು ಸ್ವಲ್ಪ ಮೇಲಿದ್ದುದರಿಂದ ಅದೇ ಮುಂದೆ ಹೋಗಿ ಮಿಸ್ಸೌರಿಯನ್ನು ೬೨–೨೧ರಿಂದ ಸೋಲಿಸಿತು. ತಾನು ಸೋಲಿಸಿದ ತಂಡವೇ ತನ್ನನ್ನು ದಾಟಿ ಹೋದುದನ್ನು ಟೆಕ್ಸಸಿನವರು ನೋಡುತ್ತ ನಿಲ್ಲಬೇಕಾಯಿತು. ಅವರ ದೂರಿಗೆ ಟೆಕ್ಸಸ್ ಟೆಕ್ಕಿನವರೂ ಅದೇ ದೂರನ್ನು ಅವರ ಮೇಲೆಯೇ ಹೇಳಬಹುದಾಗಿತ್ತೆಂಬುದು ಚಕ್ರಕದ ಸ್ವಭಾವ.

ಮೂವರ ಸಾಮ್ಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಒಂದು ಮೆಟ್ಟಿಲಿನಲ್ಲಿ ಮೂವರಲ್ಲಿ ಒಬ್ಬನು ಕಳಚಿ ಇಬ್ಬರು ಉಳಿದರೆ, ಅದೇ ಮೆಟ್ಟಿಲಿನಿಂದ ಕೆಳಗೆ ಇಳಿಯಬೇಕೇ, ಅಥವಾ ಪುನಃ ಮೊದಲಿನಿಂದ ಆರಂಭಿಸಬೇಕೇ? ಆ ಒಕ್ಕೂಟಗಳಲ್ಲಿ ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕೆಂದೇ ನಿಯಮ. ತಮಪ್ರತ್ಯಯದ ವಿಷಯವು ತರಪ್ರತ್ಯಯದ ವಿಷಯವಾಗಿ ಮಾರ್ಪಟ್ಟಿತಾದುದರಿಂದ, ಇಬ್ಬರ ಪರಸ್ಪರ ಪಂದ್ಯವೆಂಬ ಸಮೀಪಪ್ರಮಾಣಕ್ಕೆ ಈಗ ಪುನಃ ಬಲ ಬಂದಿತು. ಒಕ್ಕೂಟದಲ್ಲಿ ಹದಿನಾರು ಹದಿನೆಂಟು ಸದಸ್ಯರಿದ್ದು, ಒಂದೊಂದು ತಂಡವೂ ಎಂಟೊಂಬತ್ತು ಪಂದ್ಯಗಳನ್ನು ಮಾತ್ರ ಆಡುವಲ್ಲಿ, ಸಮಾನರು ಪರಸ್ಪರ ಆಡದೆಯೇ ಇರುವುದೂ ಉಂಟು. ಆಗ ಇಬ್ಬರೂ ಆಡಿರುವ ಸಾಮಾನ್ಯ ಎದುರಾಳಿಗಳ ಮೇಲೆ ಯಾರ ಫಲ ಉತ್ತಮವೆಂದು ನೋಡುವರು. ಪ್ರತ್ಯಕ್ಷವಿಲ್ಲದಲ್ಲಿ ಅನುಮಾನಕ್ಕೆ ಶರಣುಹೋದಂತೆ ಇದು.

೬. ದೂರದ ಮೆಟ್ಟಿಲುಗಳು ಮತ್ತು ಚೀಟಿ

ಅರ್ಥದಿಂದ ಬಹುದೂರವಾದ ನಿರ್ಣಾಯಕವನ್ನು ಲೋಕವು ಸಹಿಸದೆಂಬುದಕ್ಕೆ ೨೦೧೯ರ ಜುಲೈ ೧೪ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯವು ಸಾಕ್ಷಿ. ನ್ಯೂಜಿಲೆಂಡ್, ಇಂಗ್ಲೆಂಡ್ ಎರಡೂ ೨೪೧ ರನ್ನು ಗಳಿಸಿದುವು. ಒಂದೊಂದು ಓವರನ್ನು ಹೆಚ್ಚಾಗಿ ಆಡಿಸಲು ಅದರಲ್ಲಿಯೂ ೧೫–೧೫. ಆಗ ಬೌಂಡರಿಗಳನ್ನು ಎಣಿಸಿ, ೨೬ ಹೊಡೆದ ಇಂಗ್ಲೆಂಡಿಗೆ ಕಪ್ಪನ್ನು ಕೊಟ್ಟರು, ನ್ಯೂಜಿಲೆಂಡಿನದು ೧೭. ನಿಯಮವು ಮೊದಲೇ ಬರೆದಿಟ್ಟದ್ದೇ ಆಗಿತ್ತು. ಆದರೆ ಕ್ರಿಕೆಟ್ಟಿನ ಅರ್ಥವು ರನ್ನು. ಬೌಂಡರಿಯು ರನ್ನು ಗಳಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ. ಓಡಿ ಗಳಿಸಿದ ನಾಲ್ಕು ರನ್ನಿಗಿಂತ ಹೊಡೆದು ಗಳಿಸಿದ ನಾಲ್ಕು ರನ್ನು ಏಕೆ ಹೆಚ್ಚು ತೂಗಬೇಕು? ಎಲ್ಲೆಡೆಯೂ ಆಕ್ಷೇಪಣೆಯೇಳಲು, ಅದೇ ವರ್ಷದ ಅಕ್ಟೋಬರಿನಲ್ಲಿ ಆ ನಿಯಮವನ್ನು ತೆಗೆದುಹಾಕಿ, ನಿರ್ಣಯವಾಗುವವರೆಗೂ ಹೆಚ್ಚಿನ ಓವರುಗಳನ್ನೇ ಆಡಿಸಬೇಕೆಂದು ಗೊತ್ತುಮಾಡಿದರು.

ಎಲ್ಲ ಮೆಟ್ಟಿಲುಗಳೂ ಮುಗಿದ ಮೇಲೆ ಉಳಿಯುವುದು ದೈವ. ೧೯೬೮ರ ಜೂನ್ ೫ರಂದು ನೇಪಲ್ಸ್ ನಗರದಲ್ಲಿ ಇಟಲಿ, ಸೋವಿಯತ್ ರಷ್ಯ ತಂಡಗಳ ಕಾಲ್ಚೆಂಡಿನ ಉಪಾಂತ್ಯ ಪಂದ್ಯವು ಹೆಚ್ಚಿನ ಕಾಲವನ್ನು ಕೊಟ್ಟರೂ ಗೋಲಿಲ್ಲದೆ ಮುಗಿಯಲು, ನಾಣ್ಯವನ್ನು ಚಿಮ್ಮಿ ಇಟಲಿಯನ್ನು ಅಂತಿಮ ಪಂದ್ಯಕ್ಕೆ ಕಳುಹಿಸಿದರು. ೧೯೭೦ರಲ್ಲಿ ಪೆನಾಲ್ಟಿ ಒದೆತಗಳಿಂದ ನಿರ್ಣಯಿಸುವ ಪದ್ಧತಿಯು ನಿಯಮವಾಗಿ ಬಂದಿತು. ದೈವದ ಕೈಯಿಂದ ನಿರ್ಣಯವನ್ನು ಮತ್ತೆ ಆಟಗಾರನ ಕಾಲಿಗೆ ತಂದ ಪ್ರಯತ್ನವಿದು. ಎರಡು ವಿಧಿಗಳು ಸರ್ವಥಾ ತುಲ್ಯಬಲವಾದಾಗ ವಿಕಲ್ಪವನ್ನು ಒಪ್ಪುವ ಮೀಮಾಂಸಕರೂ ವಿಕಲ್ಪಕ್ಕೆ ಎಂಟು ದೋಷಗ
ಳನ್ನು ಎಣಿಸಿ, ಗತ್ಯಂತರವಿಲ್ಲದಿದ್ದರೆ ಮಾತ್ರ ಅದನ್ನು ಹಿಡಿಯಬೇಕೆಂದಿದ್ದಾರೆ.

ಆದರೆ ದೈವವೇ ಮೊದಲನೆಯ ಮೆಟ್ಟಿಲಾಗತಕ್ಕ ಸ್ಥಾನವೂ ಒಂದುಂಟು, ಅದು ಚುನಾವಣೆ. ೧೯೫೧ರ ಜನತಾ ಪ್ರಾತಿನಿಧ್ಯ ಕಾಯಿದೆಯ ೬೫ನೆಯ ಪ್ರಕರಣದಂತೆ, ಇಬ್ಬರು ಅಭ್ಯರ್ಥಿಗಳಿಗೆ ಮತಗಳು ಸಮವಾಗಿ ಬಂದರೆ ಚುನಾವಣಾಧಿಕಾರಿಯು ಚೀಟಿಯೆತ್ತಿ ನಿರ್ಣಯಿಸಬೇಕು. ಚೀಟಿಯು ಯಾರಿಗೆ ಬರುವುದೋ ಅವರಿಗೆ ಒಂದು ಮತವು ಹೆಚ್ಚಾಗಿ ಬಂದಿತೆಂದು ಭಾವಿಸತಕ್ಕದ್ದು. ನರಸೀಪುರದಿಂದ ದಕ್ಷಿಣದ ಕಡೆಗಿರುವ ಸಂತೇಮರಹಳ್ಳಿಯ ಕ್ಷೇತ್ರದಲ್ಲಿ ೨೦೦೪ರ ವಿಧಾನಸಭಾ ಚುನಾವಣೆಯು ಈ ಅಂಚಿನವರೆಗೂ ಬಂದಿತ್ತು. ಆರ್. ಧ್ರುವನಾರಾಯಣರಿಗೆ ೪೦,೭೫೨ ಮತಗಳು, ಎ. ಆರ್. ಕೃಷ್ಣಮೂರ್ತಿಯವರಿಗೆ ೪೦,೭೫೧. ಒಂದೇ ಒಂದು ಮತದಿಂದ ನಿರ್ಣಯವಾಯಿತು. ಇನ್ನೊಬ್ಬ ಮತದಾರನು ಎರಡನೆಯವರ ಕಡೆಗೆ ಬಂದಿದ್ದರೆ ಚೀಟಿಯೇ ಶಾಸಕರನ್ನು ಆರಿಸಬೇಕಾಗುತ್ತಿತ್ತು.

ಇಲ್ಲಿ ವಯಸ್ಸು, ಅನುಭವ, ಗೆದ್ದ ಊರುಗಳ ಸಂಖ್ಯೆ ಮುಂತಾದ ಮೆಟ್ಟಿಲುಗಳನ್ನು ನಡುವೆ ಇಡದಿರುವುದಕ್ಕೆ ಗಾಢವಾದ ಕಾರಣವುಂಟು. ಚುನಾವಣೆಯ ಅರ್ಥವು ಎಲ್ಲ ಮತಗಳೂ ಒಂದೇ ತೂಕದವೆಂಬುದು. ಗೆದ್ದ ಊರುಗಳನ್ನು ಎಣಿಸಿದರೆ ಸಣ್ಣ ಊರಿನವನ ಮತವು ದೊಡ್ಡ ಊರಿನವನ ಮತಕ್ಕಿಂತ ಭಾರವಾಗುವುದು. ವಯಸ್ಸನ್ನು ನೋಡಿದರೆ ಹಿರಿಯ ಅಭ್ಯರ್ಥಿಯ ಕಡೆಯವರ ಮತಕ್ಕೆ ಗೂಢವಾಗಿ ಬಲ ಬರುವುದು. ಚೀಟಿಯಾದರೋ ಕುರುಡು, ಅದು ಯಾವ ಮತವನ್ನೂ ಹೆಚ್ಚಿಸದು, ಯಾವುದನ್ನೂ ಕುಗ್ಗಿಸದು. ಆದುದರಿಂದ ಆಟದಲ್ಲಿ ಅರ್ಥದಿಂದ ಅತಿ ದೂರವಾದ ಚೀಟಿಯು ಚುನಾವಣೆಯಲ್ಲಿ ಅರ್ಥಕ್ಕೆ ವಿರೋಧವಿಲ್ಲದ ಮಾರ್ಗವಾಗಿ ನಿಲ್ಲುತ್ತದೆ. ಅಳತೆಗೋಲು ಒಂದೇ, ಅಳೆಯತಕ್ಕ ವಸ್ತು ಬೇರೆ.

೭. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಸಿದ್ಧಾಂತಗಳು ಹೊರಡುತ್ತವೆ. ಮೊದಲನೆಯದಾಗಿ, ನಿರ್ಣಾಯಕಗಳನ್ನು ಸ್ಪರ್ಧೆಯು ಆರಂಭವಾಗುವುದಕ್ಕೆ ಮೊದಲೇ ಸಾರಬೇಕು; ಏಕೆಂದರೆ ಅವು ಆಟ ಮುಗಿದ ಮೇಲೆ ಬರುವ ಸಾಕ್ಷಿಗಳಲ್ಲ, ಆಟದ ಒಳಗಿನ ಪಾತ್ರಗಳು. ಎರಡನೆಯದಾಗಿ, ಅವುಗಳ ಕ್ರಮವು ಅರ್ಥಸಾಮೀಪ್ಯವನ್ನು ಅನುಸರಿಸಿರಬೇಕು. ಇಬ್ಬರ ಸಾಮ್ಯಕ್ಕೂ ಮೂವರ ಸಾಮ್ಯಕ್ಕೂ ಬೇರೆ ಬೇರೆಯಾಗಿ ವಿಧಿಸಿರಬೇಕು. ಮೂರನೆಯದಾಗಿ, ಕಡೆಗೆ ದೈವಕ್ಕೆ ಬಿಡಬೇಕಾಗಿ ಬಂದರೆ ಅದನ್ನು ದೈವವೆಂದೇ ಹೇಳಬೇಕು; ಯೋಗ್ಯತೆಯ ಹೆಸರನ್ನು ಅದಕ್ಕೆ ತೊಡಿಸಬಾರದು.

ಇದು ದೊಡ್ಡ ಸ್ಪರ್ಧೆಗಳ ಮಾತು ಮಾತ್ರವಲ್ಲ. ದಸರಾ ಕ್ರೀಡಾಕೂಟಗಳಲ್ಲಿ ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೂ, ಜಿಲ್ಲೆಯಲ್ಲಿ ಗೆದ್ದವರು ವಿಭಾಗಕ್ಕೂ, ಅಲ್ಲಿಂದ ಮೈಸೂರಿಗೂ ಹೋಗತಕ್ಕವರು. ನಂಜನಗೂಡಿನಲ್ಲಿಯಾಗಲಿ ನರಸೀಪುರದಲ್ಲಿಯಾಗಲಿ ಕಬಡ್ಡಿಯ ಅಥವಾ ಖೋಖೋ ಆಟದ ಒಂದು ತಂಡಕ್ಕೆ ಮುಂದಿನ ಮೆಟ್ಟಿಲು ದೊರೆಯುವುದೂ ತಪ್ಪುವುದೂ ಆ ವರ್ಷದ ಮಹತ್ತರವಾದ ಸಂಗತಿ. ಎಲ್ಲ ತಂಡಗಳೂ ಒಂದರೊಡನೊಂದು ಆಡುವಂತೆ ಎಲ್ಲಿ ಗೊತ್ತುಮಾಡಿದೆಯೋ ಅಲ್ಲಿ, ಸಾಮ್ಯ ಬಂದರೆ ಏನು ಮಾಡತಕ್ಕದ್ದೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮೊದಲನೆಯ ಪಂದ್ಯಕ್ಕೆ ಮುಂಚೆ ಎಲ್ಲ ನಾಯಕರಿಗೂ ಓದಿ ಹೇಳುವುದು ವ್ಯವಸ್ಥಾಪಕರ ಕರ್ತವ್ಯ. ಪಂದ್ಯ ಮುಗಿದ ಮೇಲೆ ಬರೆದ ನಿಯಮವು ಎಷ್ಟೇ ಸಾಧುವಾಗಿದ್ದರೂ ಸೋತವನ ಕಣ್ಣಿಗೆ ಪಕ್ಷಪಾತವಾಗಿಯೇ ಕಾಣುವುದು.

ನಿರ್ಣಾಯಕವು ಸೋತವನ ವಿಷಯದಲ್ಲಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ನರಸೀಪುರದ ನರಸಿಂಹನ ಕೈಯ ಗುಲಗಂಜಿಯು ತಕ್ಕಡಿಯು ಯಾವ ಕಡೆಗೆ ವಾಲಿತೆಂದು ತೋರಿಸುತ್ತದೆ. ಆದರೆ ಅದರಿಂದ ಕಾಶಿಯ ಮಹಿಮೆಯು ಕುಂದಿತೆಂದು ಆ ಊರಿನವರು ಯಾರೂ ಹೇಳುವುದಿಲ್ಲ. ಮುಂದೆ ಹೋದವನು ಒಂದು ಗುಲಗಂಜಿಯಷ್ಟು ಹೆಚ್ಚು ತೂಗಿದನು. ಉಳಿದವನು ಅಷ್ಟೇ ಕಡಮೆ ತೂಗಿದನು, ಅದಕ್ಕಿಂತ ಹೆಚ್ಚಿಗೆ ಕಡಮೆಯಲ್ಲ.